ರೊಕ್ಕೊನ ಕ್ಷಮೆ, ನಾದಿಯಾಳ ಶಿಲುಬೆ



ರಾತ್ರಿಯ ಹೊತ್ತು ಹಿರಿಯೂರಿನ ಬಸ್ ನಿಲ್ದಾಣದಲ್ಲೋ, ಹೊಸದುರ್ಗ ರೋಡ್ ಅಥವಾ ಚಿಕ್ಕಜಾಜೂರಿನ ರೈಲು ನಿಲ್ದಾಣದಲ್ಲೋ ನೀವು ಕಾದು ನಿಂತಿದ್ದರೆ ಈ ದೃಶ್ಯವನ್ನು ಕಂಡೇ ಇರುತ್ತೀರಿ. ಒಬ್ಬ ತಾಯಿ, ಮೂರ್ನಾಲ್ಕು ಮಕ್ಕಳು, ಹಗ್ಗ ಬಿಗಿದ ಗಂಟುಮೂಟೆ, ಪಾತ್ರೆ ತುಂಬಿದ ಚೀಲ. ಮೊದಲೇ ಬೆಂಗಳೂರು ಸೇರಿರುವ ಹಿರಿಯ ಮಗ ಬರಹೇಳಿದ್ದಾನೆ. ಪೀಣ್ಯದಲ್ಲೋ ದಾಸರಹಳ್ಳಿಯಲ್ಲೋ ಒಂದು ಕೋಣೆ ನೋಡಿದ್ದಾನೆ. ಊರಿನಲ್ಲಿ ಶೇಂಗಾ ಕೈಕೊಟ್ಟಿದೆ, ಕೊಳವೆಬಾವಿ ಬತ್ತಿದೆ. 1907ರಲ್ಲಿ ಪೂರ್ಣಗೊಂಡ ನಮ್ಮ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ ಆ 89 ವರ್ಷಗಳಲ್ಲಿ ಈ ಜಿಲ್ಲೆಯ ಎಷ್ಟು ಕುಟುಂಬಗಳು ಹೀಗೆ ಗಂಟುಮೂಟೆ ಕಟ್ಟಿದವೋ ದೇವರೇ ಬಲ್ಲ.

ಇದೇ ದೃಶ್ಯದಿಂದ ಆರಂಭವಾಗುವ ಒಂದು ಇಟಲಿಯ ಚಲನಚಿತ್ರದ ಕುರಿತು ಈ ಸಲ ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ. ಲುಕಿನೊ ವಿಸ್ಕಾಂತಿ 1960ರಲ್ಲಿ ನಿರ್ದೇಶಿಸಿದ ‘ರೊಕ್ಕೊ ಮತ್ತು ಅವನ ಸೋದರರು’ ಎಂಬ ಆ ಚಿತ್ರ ಮೂರು ಗಂಟೆಗಳಷ್ಟು ದೀರ್ಘವಾದದ್ದು, ಕಪ್ಪು ಬಿಳುಪಿನದು. ರೊಕ್ಕೊ ಎಂದೊಡನೆ ನಮ್ಮ ಸೀಮೆಯವರ ಕಿವಿಗೆ ‘ರೊಕ್ಕ’ ಎಂದೇ ಕೇಳಿಸೀತು. ಆದರೆ ಅದು ವ್ಯಾಧಿಗ್ರಸ್ತರ ಪಾಲಕರಾದ ಸಂತ ರೋಕ್‌ರವರ ಹೆಸರು. ಸಂತನ ಹೆಸರು ಹೊತ್ತ ಯುವಕನೊಬ್ಬ ಕಡೆಗೆ ಮನೆಯವರ ಪಾಲಿಗೆ ರೊಕ್ಕವೇ ಆಗಿಬಿಡುವ ಕಥೆಯಿದು ಎಂದರೂ ತಪ್ಪಾಗಲಾರದು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಚಿತ್ರದಲ್ಲಿ ಅತ್ಯಾಚಾರದ ಮತ್ತು ಕೊಲೆಯ ದೃಶ್ಯಗಳಿವೆ. ಬಿಡುಗಡೆಯ ಕಾಲದಲ್ಲಿ ಇಟಲಿಯಲ್ಲಿಯೇ ಅವು ದೊಡ್ಡ ವಿವಾದಕ್ಕೆ ಕಾರಣವಾದವು. ಮಕ್ಕಳೊಡನೆ ಕುಳಿತು ನೋಡುವ ಚಿತ್ರ ಇದಲ್ಲ. ಪ್ರಾಯಕ್ಕೆ ಬಂದವರು ನೋಡಿ, ನೋಡಿದ ಮೇಲೆ ಮಾತನಾಡಿಕೊಳ್ಳಬೇಕಾದ ಚಿತ್ರ.

ಕಥೆ ಹೀಗಿದೆ. ದಕ್ಷಿಣ ಇಟಲಿಯ ಲುಕಾನಿಯಾ ಎಂಬ ಬಡ ಸೀಮೆ. ಕ್ರಿಸ್ತರು ಎಬೊಲಿ ಎಂಬ ಊರಿನಲ್ಲಿಯೇ ನಿಂತುಬಿಟ್ಟರು, ತಮ್ಮವರೆಗೆ ಬರಲಿಲ್ಲ ಎಂದು ಅಲ್ಲಿನ ರೈತರು ಹೇಳಿಕೊಳ್ಳುತ್ತಿದ್ದರೆಂಬುದನ್ನೇ ಶೀರ್ಷಿಕೆಯಾಗಿಸಿ ಕಾರ್ಲೊ ಲೆವಿ ಎಂಬ ಲೇಖಕರು 1945ರಲ್ಲಿ ಪ್ರಸಿದ್ಧ ಗ್ರಂಥವೊಂದನ್ನು ಪ್ರಕಟಿಸಿದ್ದು ಆ ಸೀಮೆಯ ಬಗೆಗೇ. ಅಲ್ಲಿಂದ ವಿಧವೆ ರೊಸಾರಿಯಾ ತನ್ನ ನಾಲ್ವರು ಗಂಡುಮಕ್ಕಳೊಡನೆ ಮಿಲಾನ್ ನಗರಕ್ಕೆ ಬಂದಿಳಿಯುತ್ತಾಳೆ. ಹಿರಿಯ ಮಗ ವಿಂಚೆಂಜೊ ಮೊದಲೇ ಅಲ್ಲಿದ್ದಾನೆ. ಅವನೊಡನೆ ಸಿಮೋನೆ, ರೊಕ್ಕೊ, ಚಿರೊ, ಲೂಕಾ ಹೀಗೆ ಐವರು ಸೋದರರು. ಒಬ್ಬೊಬ್ಬ ಸೋದರನ ಹೆಸರಿನಲ್ಲಿ ಒಂದೊಂದು ಅಧ್ಯಾಯವಾಗಿ ಚಿತ್ರ ಸಾಗುತ್ತದೆ.

ಮೊದಲ ಅಧ್ಯಾಯದ ಒಂದು ಪ್ರಾತಃಕಾಲವನ್ನು ನಾನು ಮರೆಯಲಾರೆ. ಹೊರಗೆ ಹಿಮ ಬಿದ್ದಿರುವುದನ್ನು ಕಂಡ ತಾಯಿ ಸಂಭ್ರಮದಿಂದ ಮಕ್ಕಳನ್ನು ಎಬ್ಬಿಸುತ್ತಾಳೆ. ಬೀದಿಯ ಹಿಮ ಬಾಚುವ ಕೂಲಿ ಸಿಗುತ್ತದಲ್ಲವೇ! ಆಕಾಶದಿಂದ ಬಿದ್ದದ್ದೇ ಅವರಿಗೆ ಅಂದಿನ ಅನ್ನ. ಮೋಡದ ಕಡೆಗೆ ಕಣ್ಣು ನೆಟ್ಟು ಬದುಕಿದ ಹೊಳಲ್ಕೆರೆಯ, ಹೊಸದುರ್ಗದ ರೈತ ಕುಟುಂಬಗಳಿಗೆ ಆ ತಾಯಿಯ ಸಂಭ್ರಮವನ್ನು ಯಾರೂ ವಿವರಿಸಬೇಕಾಗಿಲ್ಲ.

ನಗರವು ಈ ವಲಸಿಗರನ್ನು ಹೇಗೆ ಕಂಡಿತೆಂಬುದಕ್ಕೆ ಚಿತ್ರದ ಹೊರಗಿನ ಒಂದು ಸಂಗತಿಯನ್ನು ನೆನೆಯಬೇಕು. 1939ರಲ್ಲಿ ಇಟಲಿಯ ಫ್ಯಾಸಿಸ್ಟ್ ಸರ್ಕಾರ ಹಳ್ಳಿಗರು ನಗರಗಳಿಗೆ ಬರುವುದನ್ನು ತಡೆಯಲು ಕಾಯಿದೆಯೊಂದನ್ನು ಮಾಡಿತ್ತು. ಕೆಲಸವಿಲ್ಲದವನಿಗೆ ನಗರ ನಿವಾಸಿಯೆಂಬ ನೋಂದಣಿಯಿಲ್ಲ. ನೋಂದಣಿಯಿಲ್ಲದವನಿಗೆ ಕ್ರಮಬದ್ಧವಾದ ಕೆಲಸವಿಲ್ಲ. ಫ್ಯಾಸಿಸಂ ಅಳಿದರೂ ಈ ಕಾಯಿದೆ ಅಳಿಯಲಿಲ್ಲ. ಚಿತ್ರ ತೆರೆಕಂಡ ಮರುವರ್ಷ, 1961ರಲ್ಲಿ ಅದು ರದ್ದಾಯಿತು. ಅಲ್ಲಿಯವರೆಗೆ ದಕ್ಷಿಣದಿಂದ ಬಂದ ಅಸಂಖ್ಯ ಶ್ರಮಿಕರು ತಮ್ಮದೇ ದೇಶದಲ್ಲಿ ಅರೆ ಕಳ್ಳರಂತೆ ಬದುಕಿದರು. ವಿಳಾಸದ ದಾಖಲೆಯಿಲ್ಲದೆ ಪಡಿತರ ಚೀಟಿಗಾಗಿ, ಅನಿಲ ಸಂಪರ್ಕಕ್ಕಾಗಿ ನಗರದಲ್ಲಿ ಅಲೆದ ನಮ್ಮವರಿಗೆ ಇದೂ ಅಪರಿಚಿತವಲ್ಲ.

ಇನ್ನು ಕಥೆಯ ಮರ್ಮಕ್ಕೆ ಬರೋಣ. ಎರಡನೆಯ ಮಗ ಸಿಮೋನೆ ಮುಷ್ಟಿಯುದ್ಧದ ಪಟುವಾಗಿ ಹಣ ಕಾಣುತ್ತಾನೆ. ಹಾಗೆಯೇ ಕುಡಿತ, ಕಳವು, ಸೋಮಾರಿತನಗಳನ್ನೂ ಕಲಿಯುತ್ತಾನೆ. ದೇಹವನ್ನು ಮಾರಿ ಬದುಕುವ ನಾದಿಯಾ ಎಂಬ ಹೆಣ್ಣಿನ ಸಹವಾಸಕ್ಕೆ ಬೀಳುತ್ತಾನೆ. ಅವಳು ಅವನನ್ನು ಬಿಟ್ಟು ಹೋಗುತ್ತಾಳೆ. ಬಹುಕಾಲದ ನಂತರ ಸೈನಿಕ ಸೇವೆಯಲ್ಲಿದ್ದ ರೊಕ್ಕೊ ಅವಳನ್ನು ಅಕಸ್ಮಾತ್ತಾಗಿ ಭೇಟಿಯಾಗುತ್ತಾನೆ. ಆಗತಾನೇ ಸೆರೆಮನೆಯಿಂದ ಬಿಡುಗಡೆಯಾಗಿದ್ದ ಅವಳನ್ನು ಮನುಷ್ಯಳೆಂದು ಕಂಡು ಮಾತನಾಡಿಸಿದ ಮೊದಲಿಗನು ಈ ಸಾಧು ಯುವಕ. ಅವನ ಪ್ರೀತಿಯಲ್ಲಿ ನಾದಿಯಾ ಹಳೆಯ ಬಾಳನ್ನು ತೊರೆಯುತ್ತಾಳೆ. ಇದು ಸಿಮೋನೆಗೆ ತಿಳಿಯುತ್ತದೆ. ಅವನು ತನ್ನ ಗೆಳೆಯರ ಗುಂಪಿನೊಡನೆ ಬಂದು, ತಮ್ಮನನ್ನು ಹಿಡಿದು ನಿಲ್ಲಿಸಿ, ಅವನ ಕಣ್ಣೆದುರಿನಲ್ಲಿಯೇ ಆಕೆಯ ಮೇಲೆ ಬಲಾತ್ಕಾರ ಎಸಗುತ್ತಾನೆ.

ಅನಂತರ ರೊಕ್ಕೊ ಏನು ಮಾಡುತ್ತಾನೆ? ಮಿಲಾನಿನ ಪ್ರಧಾನಾಲಯದ ಮೇಲ್ಛಾವಣಿಯಲ್ಲಿ, ಶಿಲೆಯ ಗೋಪುರಗಳ ಮತ್ತು ಸಂತರ ಪ್ರತಿಮೆಗಳ ನಡುವೆ ನಾದಿಯಾಳನ್ನು ಕಂಡು, ಸಿಮೋನೆಯ ಬಳಿಗೆ ಹಿಂದಿರುಗು ಎನ್ನುತ್ತಾನೆ. ಅಣ್ಣ ಕೆಟ್ಟವನಲ್ಲ, ನೊಂದವನು, ಅವನಿಗೆ ನಿನ್ನ ಅಗತ್ಯವಿದೆ ಎಂಬುದು ಅವನ ವಾದ. ಅಷ್ಟಕ್ಕೇ ನಿಲ್ಲದೆ ಅಣ್ಣನ ಸಾಲ ತೀರಿಸಲು ತನಗೆ ಇಷ್ಟವೇ ಇಲ್ಲದ ಮುಷ್ಟಿಯುದ್ಧಕ್ಕೆ ಹತ್ತು ವರ್ಷಗಳ ಕರಾರು ಬರೆದುಕೊಡುತ್ತಾನೆ.

ಮೊದಲ ಬಾರಿ ಈ ಚಿತ್ರವನ್ನು ನೋಡಿದಾಗ ನಾನು ರೊಕ್ಕೊನಿಗಾಗಿ ಕಣ್ಣೀರಿಟ್ಟೆ. ಇವನಲ್ಲವೇ ನಿಜವಾದ ಕ್ರೈಸ್ತ ಎಂದುಕೊಂಡೆ. ಒಂದು ಕೆನ್ನೆಗೆ ಹೊಡೆದವನಿಗೆ ಮತ್ತೊಂದು ಕೆನ್ನೆ ಒಡ್ಡಿದವನು, ಸೋದರನ ಭಾರ ಹೊತ್ತವನು. ಅಲೆನ್ ದೆಲಾನ್ ಎಂಬ ನಟನ ಆ ನಿರ್ಮಲ ಮುಖವನ್ನು ಛಾಯಾಗ್ರಾಹಕ ಜುಸೆಪ್ಪೆ ರೊತುನ್ನೊ ಎಷ್ಟು ಸಮೀಪದಿಂದ, ಎಷ್ಟು ಪ್ರೀತಿಯಿಂದ ಸೆರೆಹಿಡಿದಿದ್ದಾರೆಂದರೆ ಬೇರೇನನ್ನೂ ಯೋಚಿಸಲು ನಮಗೆ ಬಿಡುವು ಸಿಗುವುದಿಲ್ಲ. ಎರಡನೆಯ ಬಾರಿ ನೋಡಿದಾಗ ಮಾತ್ರ ನನ್ನ ಕಣ್ಣು ನಾದಿಯಾಳ ಕಡೆಗೆ ಹೊರಳಿತು. ಮೊದಲ ಸಲ ನಾನು ಅವಳನ್ನು ನೋಡಿಯೇ ಇರಲಿಲ್ಲ ಎಂಬ ನಾಚಿಕೆಯೇ ಈ ಲೇಖನಕ್ಕೆ ಕಾರಣ.

ಓದುಗರೇ, ಸ್ವಲ್ಪ ನಿಧಾನಿಸಿ ಯೋಚಿಸಿ. ಪ್ರಧಾನಾಲಯದ ಮೇಲೆ ರೊಕ್ಕೊ ತ್ಯಾಗ ಮಾಡಿದ್ದು ಏನನ್ನು? ತನ್ನ ಪ್ರೀತಿಯನ್ನು ಎಂದು ಅವನು ತಿಳಿದಿದ್ದಾನೆ. ಆದರೆ ವಾಸ್ತವದಲ್ಲಿ ಅವನು ಬಿಟ್ಟುಕೊಟ್ಟದ್ದು ಒಬ್ಬ ಹೆಣ್ಣಿನ ಜೀವವನ್ನು. ತನ್ನದಲ್ಲದ್ದನ್ನು ದಾನ ಮಾಡುವ ಅಧಿಕಾರ ಅವನಿಗೆ ಎಲ್ಲಿತ್ತು? ಹಾನಿಗೊಳಗಾದವಳು ಅವಳು, ಕ್ಷಮಿಸಿದವನು ಇವನು. ಅವಳನ್ನು ಯಾರೂ ಕೇಳಲಿಲ್ಲ.

ಇದನ್ನು ಬರೆಯುವಾಗ ನಮ್ಮ ಚಿತ್ರದುರ್ಗದ ಕೋಟೆ ನೆನಪಾಗದೆ ಇರದು. ತ.ರಾ.ಸು. ಅವರ ಕಾದಂಬರಿಗಳನ್ನಾಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ತೆರೆಗೆ ತಂದ ‘ನಾಗರಹಾವು’ ಚಿತ್ರವನ್ನು ನೋಡದ ಮನೆ ನಮ್ಮಲ್ಲಿ ವಿರಳ. ಅಲ್ಲಿಯೂ ರಾಮಾಚಾರಿ ತನ್ನ ಚಾಮಯ್ಯ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಅದು ಮಹಾತ್ಯಾಗವೆಂದು ಗುರುವೂ ಶಿಷ್ಯನೂ ನಂಬುತ್ತಾರೆ. ನಾವೂ ನಂಬಿ ಕಣ್ಣೊರೆಸಿಕೊಳ್ಳುತ್ತೇವೆ. ಮುಂದೆ ಅದೇ ಅಲಮೇಲು ವೇಶ್ಯಾವೃತ್ತಿಗೆ ತಳ್ಳಲ್ಪಟ್ಟಿರುವುದನ್ನು ಅವನು ಕಾಣುತ್ತಾನೆ. ಕ್ರೈಸ್ತ ಕನ್ಯೆ ಮಾರ್ಗರೆಟ್‌ಳ ಕಥೆಯಿಂದಾಗಿ ನಮ್ಮ ಕುಟುಂಬಗಳು ಆ ಚಿತ್ರವನ್ನು ಹೆಚ್ಚು ಚರ್ಚಿಸಿವೆ. ಆದರೆ ಅಲಮೇಲುವಿನ ಪ್ರಶ್ನೆಯನ್ನು ಎಷ್ಟು ಮಂದಿ ಕೇಳಿದ್ದೇವೆ? ಒಂದು ಕಡೆ ಕಲ್ಲಿನ ಕೋಟೆಯ ಊರು, ಮತ್ತೊಂದು ಕಡೆ ಕಲ್ಲಿನ ಪ್ರಧಾನಾಲಯ. ಎರಡು ಕಡೆಯೂ ಗಂಡಸರು ಉದಾತ್ತರಾದರು, ಹೆಂಗಸರು ಹಾಳಾದರು.

ವಿಸ್ಕಾಂತಿಯವರು ಈ ಪ್ರಶ್ನೆಯನ್ನು ಮರೆತವರಲ್ಲ. ಚಿತ್ರದ ಕೊನೆಯ ಭಾಗದಲ್ಲಿ ರೊಕ್ಕೊ ಅಖಾಡದಲ್ಲಿ ಗೆಲ್ಲುತ್ತಿರುವ ಅದೇ ಹೊತ್ತಿನಲ್ಲಿ ಸಿಮೋನೆ ಊರ ಹೊರಗಿನ ನೀರಿನ ದಂಡೆಯಲ್ಲಿ ನಾದಿಯಾಳನ್ನು ಇರಿದು ಕೊಲ್ಲುತ್ತಾನೆ. ಒಂದು ದೃಶ್ಯ ಇಲ್ಲಿಯದು, ಒಂದು ದೃಶ್ಯ ಅಲ್ಲಿಯದು, ಹೀಗೆ ಎರಡನ್ನೂ ಹೆಣೆದು ತೋರಿಸಲಾಗಿದೆ. ಇರಿಯಲು ಬಂದವನ ಮುಂದೆ ನಾದಿಯಾ ತನ್ನೆರಡು ತೋಳುಗಳನ್ನು ಶಿಲುಬೆಯ ಆಕಾರದಲ್ಲಿ ಚಾಚಿ ನಿಲ್ಲುತ್ತಾಳೆ. ಗಮನಿಸಿ: ಇಡೀ ಚಿತ್ರದಲ್ಲಿ ಸಂತನೆಂದು ಎಲ್ಲರೂ ಕರೆಯುವುದು ರೊಕ್ಕೊನನ್ನು, ಆದರೆ ನಿರ್ದೇಶಕರು ಶಿಲುಬೆಯನ್ನು ಕೊಟ್ಟದ್ದು ನಾದಿಯಾಳಿಗೆ. ಇರಿತ ಬಿದ್ದಾಗ ಅವಳು ಹುತಾತ್ಮಳಂತೆ ಮೌನವಾಗಿ ಪ್ರಾಣ ಬಿಡುವುದಿಲ್ಲ. ತನಗೆ ಸಾಯಲು ಮನಸ್ಸಿಲ್ಲವೆಂದು ಚೀರುತ್ತಾಳೆ. ಆ ಚೀರಾಟವೇ ರೊಕ್ಕೊನ ತ್ಯಾಗಕ್ಕೆ ಚಿತ್ರ ಕೊಡುವ ತೀರ್ಪು.

ಮನೆಯಲ್ಲಿ ವಿಜಯದ ಔತಣ ನಡೆಯುತ್ತಿದೆ. ಕೊಲೆಯ ಸುದ್ದಿ ಇನ್ನೂ ಬಂದಿಲ್ಲ. ರೊಕ್ಕೊ ತನ್ನ ಊರಿನ ಒಂದು ನಂಬಿಕೆಯನ್ನು ನೆನಪಿಸಿಕೊಳ್ಳುತ್ತಾನೆ. ಮನೆ ಕಟ್ಟಲು ತೊಡಗುವ ಮೇಸ್ತ್ರಿ ದಾರಿಯಲ್ಲಿ ಮೊದಲು ಹಾದುಹೋದವನ ನೆರಳಿನ ಮೇಲೆ ಒಂದು ಕಲ್ಲು ಎಸೆಯುತ್ತಾನಂತೆ. ಮನೆ ಗಟ್ಟಿಯಾಗಿ ನಿಲ್ಲಲು ಒಂದು ಬಲಿ ಬೇಕಂತೆ. ಇದನ್ನು ಕೇಳುತ್ತಲೇ ಕನ್ನಡಿಗರಾದ ನಮಗೆ ‘ಕೆರೆಗೆ ಹಾರ’ ನೆನಪಾಗುತ್ತದೆ. ಕೆರೆಯಲ್ಲಿ ನೀರು ನಿಲ್ಲಲೆಂದು ಮನೆಯ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಗೊಟ್ಟ ಆ ಜನಪದ ಕಥನಗೀತೆ ಬರದ ಸೀಮೆಯ ಜನರ ಎದೆಗೆ ಹತ್ತಿರದ್ದು. ಅಲ್ಲಿ ಬಲಿಯಾದವಳು ಮನೆಯ ಮಗಳಲ್ಲ, ಹೊರಗಿನಿಂದ ಬಂದವಳು. ದೂರದಲ್ಲಿದ್ದ ಗಂಡನನ್ನೂ ಯಾರೂ ಕೇಳಲಿಲ್ಲ. ಲುಕಾನಿಯಾದ ಮೇಸ್ತ್ರಿ ಕಲ್ಲೆಸೆದದ್ದೂ ಮನೆಯವರ ನೆರಳಿನ ಮೇಲಲ್ಲ, ದಾರಿಹೋಕನ ನೆರಳಿನ ಮೇಲೆ. ಪರೋಂದಿ ಕುಟುಂಬದ ಮನೆ ನಿಲ್ಲಲು ಬಿದ್ದ ಬಲಿ ತಾನೇ ಎಂದು ರೊಕ್ಕೊ ಭಾವಿಸಿದ್ದಾನೆ. ಆದರೆ ಆ ಹೊತ್ತಿಗೆ ನಿಜವಾದ ಬಲಿ ನೀರಿನ ದಂಡೆಯಲ್ಲಿ ಬಿದ್ದಿದೆ.

ಸಿಮೋನೆ ರಕ್ತದ ಕೈಯಲ್ಲಿ ಮನೆಗೆ ಬರುತ್ತಾನೆ. ರೊಕ್ಕೊ ಅವನನ್ನು ಅಪ್ಪಿಕೊಂಡು ಗೋಳಿಡುತ್ತಾನೆ, ಬಚ್ಚಿಡೋಣ ಎನ್ನುತ್ತಾನೆ. ತಾಯಿಯೂ ಹಾಗೆಯೇ. ನಾಲ್ಕನೆಯ ಮಗ ಚಿರೊ ಮಾತ್ರ ಎಲ್ಲರನ್ನೂ ತಳ್ಳಿಕೊಂಡು ಹೊರಗೆ ಓಡಿ ಪೊಲೀಸರಿಗೆ ತಿಳಿಸುತ್ತಾನೆ. ಮನೆಯವರ ಪಾಲಿಗೆ ಅವನು ದ್ರೋಹಿ. ಕೊನೆಯ ದೃಶ್ಯದಲ್ಲಿ, ತಾನು ದುಡಿಯುವ ಆಲ್ಫಾ ರೋಮಿಯೊ ಕಾರು ಕಾರ್ಖಾನೆಯ ಹೊರಗೆ, ಚಿರೊ ಪುಟ್ಟ ತಮ್ಮ ಲೂಕಾನಿಗೆ ಹೇಳುವ ಮಾತಿನ ತಾತ್ಪರ್ಯವಿಷ್ಟು: ಸಿಮೋನೆಯನ್ನು ತನ್ನಷ್ಟು ಪ್ರೀತಿಸಿದವರು ಯಾರೂ ಇಲ್ಲ, ಆದರೆ ಎಲ್ಲವನ್ನೂ ಕ್ಷಮಿಸಿಬಿಡುವ ರೊಕ್ಕೊನ ಒಳ್ಳೆಯತನವೂ ಅವನನ್ನು ಕೆಡಿಸಿತು.

ಇಲ್ಲಿ ಒಬ್ಬ ಕ್ರೈಸ್ತ ಓದುಗ ಗಾಬರಿಗೊಳ್ಳುವುದು ಸಹಜ. ಏಳೇಳು ಎಪ್ಪತ್ತರಷ್ಟು ಸಲ ಕ್ಷಮಿಸಬೇಕೆಂದು ಪ್ರಭು ಯೇಸು ಪೇತ್ರನಿಗೆ ಬೋಧಿಸಲಿಲ್ಲವೇ? ವಿಸ್ಕಾಂತಿ ಎಡಪಂಥೀಯರು, ಅವರು ಶುಭಸಂದೇಶವನ್ನೇ ಅಲ್ಲಗಳೆಯುತ್ತಿದ್ದಾರೆಯೇ? ನನಗೆ ಹಾಗೆನ್ನಿಸುವುದಿಲ್ಲ. ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯವನ್ನು ಆರಂಭದಿಂದ ಓದಿ ನೋಡಿ. ಪೇತ್ರನ ಪ್ರಶ್ನೆಗೆ ಮೊದಲೇ ಪ್ರಭು ಬೇರೊಂದು ಕ್ರಮವನ್ನು ತಿಳಿಸಿದ್ದಾರೆ. ಸೋದರ ತಪ್ಪು ಮಾಡಿದರೆ ಮೊದಲು ಅವನೊಬ್ಬನನ್ನೇ ಕಂಡು ತಪ್ಪನ್ನು ತೋರಿಸಿಕೊಡಬೇಕು. ಕೇಳದಿದ್ದರೆ ಸಾಕ್ಷಿಗಳೊಡನೆ ಹೋಗಬೇಕು. ಆಗಲೂ ಕೇಳದಿದ್ದರೆ ಸಭೆಯ ಮುಂದೆ ತರಬೇಕು. ಅದಕ್ಕೂ ಹಿಂದೆ, ದುರ್ಬಲರಾದವರಿಗೆ ಕೇಡು ಬಗೆಯುವವನ ಕೊರಳಿಗೆ ಬೀಸುಕಲ್ಲನ್ನು ಕಟ್ಟುವ ಕಠೋರವಾದ ಮಾತಿದೆ. ಒಂದೇ ಅಧ್ಯಾಯ, ಒಂದೇ ಉಸಿರು. ರೊಕ್ಕೊ ಕೊನೆಯ ಭಾಗವನ್ನಷ್ಟೇ ಓದಿದ. ಚಿರೊ ಮೊದಲ ಭಾಗವನ್ನು ಓದಿದ. ಎರಡನ್ನೂ ಒಟ್ಟಿಗೆ ಓದುವವರು ನಾವಾಗಬೇಕು.

ಚಿತ್ರದ ಶೀರ್ಷಿಕೆಗೆ ಪ್ರೇರಣೆಯೊದಗಿಸಿದ್ದು ಜರ್ಮನ್ ಲೇಖಕ ಥಾಮಸ್ ಮಾನ್‌ರವರ, ಜೋಸೆಫ ಮತ್ತು ಅವನ ಸೋದರರ ಕುರಿತ ಬೃಹತ್ ಕಾದಂಬರಿ. ಆದಿಕಾಂಡದ ಆ ಕಥೆಯಲ್ಲಿಯೂ ಬರಗಾಲವೇ ಸೋದರರನ್ನು ಪರದೇಶಕ್ಕೆ ಅಟ್ಟುತ್ತದೆ. ಜೋಸೆಫನು ಅವರನ್ನು ಕಂಡೊಡನೆ ಅಪ್ಪಿಕೊಳ್ಳಲಿಲ್ಲ ಎಂಬುದನ್ನು ನೆನಪಿಡೋಣ. ಅವರನ್ನು ಪರೀಕ್ಷಿಸಿದ. ಕಿರಿಯವನಾದ ಬೆನ್ಯಮೀನನ ಬದಲಿಗೆ ತಾನೇ ಗುಲಾಮನಾಗಿ ಉಳಿಯುತ್ತೇನೆಂದು ಯೆಹೂದನು ಮುಂದೆ ಬಂದಾಗ, ಅಂದರೆ ಒಮ್ಮೆ ತಮ್ಮನನ್ನು ಮಾರಿದವರು ಈಗ ತಮ್ಮನಿಗಾಗಿ ತಮ್ಮನ್ನೇ ಕೊಡಲು ಸಿದ್ಧರಾದಾಗ, ಅವನ ಕಣ್ಣೀರಿನ ಕಟ್ಟೆಯೊಡೆಯಿತು. ಅಲ್ಲಿ ಕ್ಷಮಿಸಿದವನು ಸ್ವತಃ ಅನ್ಯಾಯಕ್ಕೊಳಗಾದವನು. ಕ್ಷಮೆ ಪಡೆದವರು ಬದಲಾದವರು. ಸಿಮೋನೆಯನ್ನು ಯಾರೂ ಪರೀಕ್ಷಿಸಲಿಲ್ಲ, ಯಾರೂ ಬದಲಾಗು ಎನ್ನಲಿಲ್ಲ. ಸಾಲ ಮಾತ್ರ ತೀರಿಸಿದರು.

ಇಟಲಿಯಿಂದಲೇ ಮತ್ತೊಂದು ನಿದರ್ಶನ ಕೊಡುತ್ತೇನೆ. ನಾದಿಯಾಳ ಕೊಲೆಯ ದೃಶ್ಯವನ್ನು ಚಿತ್ರಿಸಿಕೊಳ್ಳಲು ಮಿಲಾನ್ ಪ್ರಾಂತದ ಆಡಳಿತ ಅನುಮತಿ ನೀಡದಿದ್ದುದರಿಂದ ಅದನ್ನು ದೂರದ ಲಾತಿನಾ ಸೀಮೆಯ ಫೊಲ್ಯಾನೊ ಸರೋವರದಲ್ಲಿ ಚಿತ್ರೀಕರಿಸಲಾಯಿತು. ಅದೇ ಸೀಮೆಯ ಲೆ ಫೆರಿಯೆರೆ ಎಂಬಲ್ಲಿ, ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದಿದ್ದ ಗೇಣಿ ರೈತ ಕುಟುಂಬವೊಂದರ ಹನ್ನೊಂದು ವರ್ಷದ ಬಾಲೆ 1902ರಲ್ಲಿ ಇರಿತಕ್ಕೆ ಬಲಿಯಾದಳು. ನಾವೆಲ್ಲರೂ ಬಲ್ಲ ಸಂತ ಮರಿಯ ಗೊರೆಟ್ಟಿ ಅವಳೇ. ಅವಳು ಅಲೆಸ್ಸಾಂದ್ರೊನನ್ನು ಕ್ಷಮಿಸಿಯೇ ಪ್ರಾಣಬಿಟ್ಟಳು. ಆ ಕ್ಷಮೆ ಅವಳದೇ ಆಗಿತ್ತು. ಅವಳ ಪರವಾಗಿ ಬೇರೆ ಯಾರೋ ನೀಡಿದ್ದಲ್ಲ. ಹಾಗಿದ್ದೂ ಅಲೆಸ್ಸಾಂದ್ರೊ 27 ವರ್ಷ ಸೆರೆಮನೆಯಲ್ಲಿದ್ದ, ಅಲ್ಲಿಯೇ ಪಶ್ಚಾತ್ತಾಪಪಟ್ಟ, ಹೊರಬಂದ ಮೇಲೆ ಆಕೆಯ ತಾಯಿಯ ಕ್ಷಮೆ ಬೇಡಿದ. ಕ್ಷಮೆಯೂ ಶಿಕ್ಷೆಯೂ ಒಂದರೊಡನೊಂದು ಕೈಹಿಡಿದು ನಡೆಯಬಲ್ಲವು. ಪಾಪನಿವೇದನೆಯ ಸಂಸ್ಕಾರದಲ್ಲಿಯೂ ಪಶ್ಚಾತ್ತಾಪ, ಅರಿಕೆ, ಪ್ರಾಯಶ್ಚಿತ್ತ ಮೂರನ್ನೂ ನಾವು ಒಟ್ಟಿಗೆ ಕಲಿತಿಲ್ಲವೇ?

ಚಿತ್ರದಲ್ಲಿ ಕುಂದುಗಳಿಲ್ಲವೆಂದಲ್ಲ. ತಾಯಿಯ ಪಾತ್ರದ ಅಬ್ಬರ ಒಮ್ಮೊಮ್ಮೆ ನಾಟಕದ ಕಂಪನಿಯನ್ನು ನೆನಪಿಸುತ್ತದೆ. ನಾದಿಯಾಳ ಒಳಮನಸ್ಸಿಗೆ ಇನ್ನಷ್ಟು ಜಾಗ ಬೇಕಿತ್ತು. ಆನಿ ಜಿರಾರ್ದೊ ಎಂಬ ನಟಿ ತಮ್ಮ ಅಭಿನಯದಿಂದಲೇ ಆ ಕೊರತೆಯನ್ನು ತುಂಬಿದ್ದಾರೆ. ಕಾರ್ಖಾನೆಯ ಸೈರನ್ ಕೂಗಿದೊಡನೆ ಚಿರೊ ಒಳಹೋಗುವ ಅಂತ್ಯದಲ್ಲಿ ಯಂತ್ರಯುಗದ ಮೇಲೆ ನಿರ್ದೇಶಕರು ಇಟ್ಟಿರುವ ಭರವಸೆಯನ್ನು ಕಾಲ ಸುಳ್ಳು ಮಾಡಿತು. ಮಿಲಾನಿನ ಆ ಕಾರು ಕಾರ್ಖಾನೆ 1980ರ ದಶಕದಲ್ಲಿ ಮುಚ್ಚಿತು. ನಮ್ಮ ಬೆಂಗಳೂರಿನ ಎಚ್.ಎಂ.ಟಿ. ಕೈಗಡಿಯಾರವೂ ನಿಂತುಹೋಯಿತು. ಕಾರ್ಖಾನೆ ಮನೆಯಾಗದು. ಆದರೆ ಚಿರೊನ ನ್ಯಾಯಬುದ್ಧಿ ಕಾರ್ಖಾನೆಯ ಜೊತೆ ಮುಚ್ಚಿಹೋಗುವಂಥದಲ್ಲ.

ಇದು ಬರೀ ಚಲನಚಿತ್ರದ ಮಾತೇ? ನಮ್ಮ ಧರ್ಮಕೇಂದ್ರಗಳ ಕುಟುಂಬಗಳನ್ನು ನೋಡಿ. ಅರ್ಧ ಮನೆ ಹೊಳಲ್ಕೆರೆಯಲ್ಲಿ, ಅರ್ಧ ಮನೆ ಬೆಂಗಳೂರಿನಲ್ಲಿ. ಒಬ್ಬ ಮಗ ಎರಡು ಪಾಳಿ ದುಡಿಯುತ್ತಾನೆ. ಮತ್ತೊಬ್ಬ ಕುಡಿಯುತ್ತಾನೆ, ಸಾಲ ಮಾಡುತ್ತಾನೆ, ಹೆಂಡತಿಯನ್ನು ಹೊಡೆಯುತ್ತಾನೆ. ದುಡಿಯುವವನು ಸಾಲ ತೀರಿಸುತ್ತಾನೆ. ತಾಯಿ ಊರಿನಲ್ಲಿ ಸುದ್ದಿ ಮುಚ್ಚಿಡುತ್ತಾಳೆ. ಹಿರಿಯರು ಸೊಸೆಯನ್ನು ಕರೆದು ಹೊಂದಿಕೊಂಡು ಹೋಗು, ಪ್ರಾರ್ಥನೆ ಮಾಡು, ಕ್ಷಮಿಸು ಎನ್ನುತ್ತಾರೆ. ಎಲ್ಲರೂ ಒಳ್ಳೆಯವರೇ, ಯಾರಿಗೂ ಕೆಡುಕು ಮಾಡುವ ಮನಸ್ಸಿಲ್ಲ. ಆದರೆ ಎಲ್ಲರ ಒಳ್ಳೆಯತನದ ಬೆಲೆಯನ್ನು ತೆರುವವಳು ಅವಳೊಬ್ಬಳೇ. ಇಂಥ ಬುದ್ಧಿಮಾತನ್ನು ನಾನೂ ಹಿಂದೆ ಹೇಳಿದ್ದೇನೆ. ಇನ್ನು ಹೇಳಲಾರೆ.

ಹಿಂಸೆ ಮತ್ತು ಘೋರ ಅನ್ಯಾಯದಿಂದ ಬಾಳಸಂಗಾತಿಯನ್ನೋ ಎಳೆಯ ಮಕ್ಕಳನ್ನೋ ಕಾಪಾಡಬೇಕಾದ ಸಂದರ್ಭಗಳಲ್ಲಿ ಬೇರ್ಪಟ್ಟು ಬದುಕುವುದು ನೈತಿಕವಾಗಿಯೂ ಅಗತ್ಯವಾಗಬಹುದೆಂದು ವಿಶ್ವಗುರು ಫ್ರಾನ್ಸಿಸ್‌ರವರು 2016ರ ‘ಅಮೋರಿಸ್ ಲೆತಿತ್ಸಿಯಾ’ ಎಂಬ ಪ್ರೇರಣಾಪತ್ರದಲ್ಲಿ ಒಪ್ಪಿಕೊಂಡಿದ್ದಾರೆ. ಕೌಟುಂಬಿಕ ದೌರ್ಜನ್ಯವನ್ನು ತಡೆಯಲು ನಮ್ಮ ದೇಶದಲ್ಲಿ 2005ರ ಕಾಯಿದೆಯಿದೆ. ಚಿರೊನಂತೆ ಆ ಬಾಗಿಲು ತಟ್ಟುವವನನ್ನು ಮನೆ ಮುರಿಯುವವನೆಂದು ಕರೆಯುವ ಮೊದಲು ನಾವು ನಾದಿಯಾಳನ್ನು ನೆನೆಯಬೇಕು. ಕೆಟ್ಟ ಮಗನನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ದುಂದುಗಾರ ಮಗನ ಸಾಮತಿಯಲ್ಲಿ ತಂದೆ ಕಾದು ನಿಂತ, ಓಡಿ ಹೋಗಿ ಅಪ್ಪಿಕೊಂಡ. ಆದರೆ ಆ ತಂದೆ ಕ್ಷಮಿಸಿದ್ದು ತನಗೆ ಆದ ನೋವನ್ನು. ಕೊಟ್ಟದ್ದು ತನ್ನದೇ ಉಂಗುರವನ್ನು, ತನ್ನದೇ ಕೊಬ್ಬಿದ ಕರುವನ್ನು. ಬೇರೆಯವರ ಮಗಳನ್ನು ತಂದು ಕೊಡಲಿಲ್ಲ.

ಚಿತ್ರದ ಕೊನೆಯಲ್ಲಿ ಪುಟ್ಟ ಲೂಕಾ ಒಬ್ಬನೇ ನಡೆದುಹೋಗುತ್ತಾನೆ. ದಾರಿಯಲ್ಲಿ ಸಾಲಾಗಿ ಇಟ್ಟ ಪತ್ರಿಕೆಗಳಲ್ಲಿ ರೊಕ್ಕೊನ ಚಿತ್ರ. ಅದನ್ನು ಮೃದುವಾಗಿ ಸವರಿ ಮುಂದೆ ಹೋಗುತ್ತಾನೆ. ಅವನು ಅಣ್ಣಂದಿರಲ್ಲಿ ಯಾರಂತಾಗುತ್ತಾನೆ, ಎಂದಾದರೂ ಊರಿಗೆ ಮರಳುತ್ತಾನೆಯೇ, ಚಿತ್ರ ಹೇಳುವುದಿಲ್ಲ. ನಾಳೆ ರಾತ್ರಿ ಹಿರಿಯೂರಿನ ನಿಲ್ದಾಣದಲ್ಲಿ ತಾಯಿಯ ಸೆರಗು ಹಿಡಿದು ಬೆಂಗಳೂರಿನ ಬಸ್ಸು ಹತ್ತುವ ಮಗುವನ್ನು ಕಂಡಾಗ ಆ ಲೂಕಾ ನಿಮಗೆ ನೆನಪಾಗಲಿ. ಅವನಿಗೆ ರೊಕ್ಕೊನ ಹೃದಯವೂ ಬೇಕು, ಚಿರೊನ ಧೈರ್ಯವೂ ಬೇಕು. ಅವೆರಡನ್ನೂ ಒಂದೇ ಮನೆಯಲ್ಲಿ ಕಲಿಸಬೇಕಾದವರು, ಓದುಗರೇ, ನೀವು ಮತ್ತು ನಾನು.